ಭಾನುವಾರದ ಲೆಕ್ಕ ಮಂಗಳವಾರಕ್ಕೆ ಗೊತ್ತು

ಡಿವೈಜಸ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವ ದೋಣಿ ರೇಸಿಗೆ ಹೆಸರು ಕೊಟ್ಟಿದ್ದೀವಿ ಅಂದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, ‘ಯಾಕೆ?’ ಅದಕ್ಕೆ ನನ್ನ ಹತ್ತಿರ ಈಗಲೂ ಸರಿಯಾದ ಉತ್ತರ ಇಲ್ಲ. ಎರಡನೇ ಪ್ರಶ್ನೆ, ‘ಅಭ್ಯಾಸಕ್ಕೆ ಒಂದು ಸಲಕ್ಕೆ ಎಷ್ಟು ಗಂಟೆ ಹುಟ್ಟು ಹಾಕ್ತೀರಿ?’ ಇದಕ್ಕೆ ಉತ್ತರ ಇದೆ. ಅದನ್ನು ಹುಡುಕೋಕೆ ಒಂದು ಇಡೀ ಚಳಿಗಾಲ ಹಿಡಿಯಿತು.

ರೇಸ್ ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಡಿವೈಜಸ್ ಅಂತ ಒಂದು ಊರು. ಅಲ್ಲಿಂದ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ಹೊರಟು ರೆಡಿಂಗ್‌ವರೆಗೆ ಬರಬೇಕು. ರೆಡಿಂಗ್‌ನಲ್ಲಿ ಥೇಮ್ಸ್ ನದಿಗೆ ಇಳಿದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮುಟ್ಟಬೇಕು. ಒಟ್ಟು 125 ಮೈಲಿ, ಅಂದರೆ 200 ಕಿಲೋಮೀಟರ್. ದಾರಿಯಲ್ಲಿ 77 ಕಡೆ ದೋಣಿಯಿಂದ ಇಳಿದು, ಅದನ್ನು ಹೆಗಲ ಮೇಲೆ ಹೊತ್ತು ಲಾಕ್ (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ಕಟ್ಟೆ) ದಾಟಿ ಓಡಿ, ಮತ್ತೆ ನೀರಿಗೆ ಹಾಕಬೇಕು. ಇದಕ್ಕೆ ಪೋರ್ಟೇಜ್ ಅಂತಾರೆ. 1948ರಲ್ಲಿ ಡಿವೈಜಸ್‌ನ ಸ್ಕೌಟ್ ಹುಡುಗರು ಈ ದೂರವನ್ನು 100 ಗಂಟೆಯೊಳಗೆ ಮುಗಿಸಿ ತೋರಿಸ್ತೀವಿ ಅಂತ ಹೊರಟು ಗೆದ್ದರು. ಶುರುವಾಗಿದ್ದು ಅಲ್ಲಿಂದ. 1979ರಲ್ಲಿ ಬ್ರಯಾನ್ ಗ್ರೀನ್‌ಹ್ಯಾಮ್ ಮತ್ತು ಟಿಮ್ ಕಾರ್ನಿಶ್ ಜೋಡಿ ಇದನ್ನೇ 15 ಗಂಟೆ 34 ನಿಮಿಷಕ್ಕೆ ಮುಗಿಸಿತು. ಅದು ಮನುಷ್ಯರ ಕೆಲಸ ಅಂತ ನಂಬೋಕೆ ಕಷ್ಟ.

ನಾವು ಹೆಸರು ಕೊಟ್ಟಿದ್ದು ಇಬ್ಬರು ಕೂರುವ ಕೆ2 ದೋಣಿಯಲ್ಲಿ, ನಡುವೆ ನಿಲ್ಲದೆ ಒಂದೇ ಓಟಕ್ಕೆ ಮುಗಿಸುವ ವಿಭಾಗಕ್ಕೆ. ನಾನು ತಿಪಟೂರಿನವನು. ಈಜು ಕಲಿತದ್ದು ತೋಟದ ಬಾವಿಯಲ್ಲಿ, ದೋಣಿ ಮುಟ್ಟಿದ್ದು ಕೆಲಸಕ್ಕೆ ಅಂತ ರೆಡಿಂಗ್‌ಗೆ ಬಂದ ಮೇಲೆ. ನನ್ನ ಜೊತೆಗಾರ ಕುಂದಾಪುರದವನು, ಪಂಚಗಂಗಾವಳಿ ನೀರು ನೋಡಿ ಬೆಳೆದವನು. ಇಬ್ಬರಿಗೂ ನಲವತ್ತು ದಾಟಿದೆ. ಇಬ್ಬರಿಗೂ ಮಕ್ಕಳಿದ್ದಾರೆ, ಆಫೀಸಿದೆ. ಅಂದರೆ ಖಾಲಿ ಸಮಯ ಅನ್ನೋದು ಇಬ್ಬರಿಗೂ ಇಲ್ಲ.

ಸೆಪ್ಟೆಂಬರ್‌ನಲ್ಲೇ ಜಗಳ ಶುರುವಾಯಿತು. ಕ್ಲಬ್ಬಿನಲ್ಲಿ ಈ ರೇಸನ್ನು ಹಲವು ಸಲ ಮುಗಿಸಿದ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಈಗ ನಿವೃತ್ತಿಯಾಗಿದ್ದಾರೆ, ನಮ್ಮಂಥ ಹೊಸಬರಿಗೆ ಹೇಳಿಕೊಡ್ತಾರೆ. ಅವರು ಕೊಟ್ಟ ಮೊದಲ ಎರಡು ತಿಂಗಳ ಪಟ್ಟಿಯಲ್ಲಿ ಎಲ್ಲವೂ ಒಂದು ಗಂಟೆಯ ಆಸುಪಾಸು. ಮಂಗಳವಾರ ಒಂದು ಗಂಟೆ, ಗುರುವಾರ ಒಂದು ಗಂಟೆ, ಭಾನುವಾರ ಒಂದೂಕಾಲು ಗಂಟೆ. ಜೊತೆಗಾರ ಅದನ್ನು ಎರಡು ಸಲ ಓದಿದ.

“ಮಾರಾಯ, ಇಪ್ಪತ್ನಾಲ್ಕು ಗಂಟೆಯ ರೇಸಿಗೆ ಒಂದು ಗಂಟೆ ಅಭ್ಯಾಸ ಎಂಥದ್ದು? ಒಂದು ಸಲವಾದರೂ ಹನ್ನೆರಡು ಗಂಟೆ ಹೊಡೆಯದಿದ್ದರೆ ಧೈರ್ಯ ಬರುವುದು ಹೇಗೆ?”

ಕೇಳೋಕೆ ನ್ಯಾಯವಾಗಿಯೇ ಇತ್ತು. ಉದ್ದದ ರೇಸಿಗೆ ಉದ್ದದ ಅಭ್ಯಾಸ. ಆದರೆ ನೀರಿಗಿಳಿದ ಮೊದಲ ವಾರವೇ ಆ ಹಿರಿಯರ ಲೆಕ್ಕ ಅರ್ಥವಾಯಿತು. ರೇಸಿಂಗ್ ಕೆ2 ಆರೂವರೆ ಮೀಟರ್ ಉದ್ದ, ಸೊಂಟದಷ್ಟೇ ಅಗಲ. ತೆಂಗಿನ ಗರಿಯನ್ನು ನೀರಿಗೆ ಹಾಕಿ ಅದರ ಮೇಲೆ ಕೂತ ಹಾಗೆ. ಅದರಲ್ಲಿ ನೆಟ್ಟಗೆ ಕೂತು, ಮೊಣಕಾಲು ಒತ್ತಿ, ಸೊಂಟದಿಂದ ಮೈ ತಿರುಗಿಸಿ ಪ್ಯಾಡಲ್ ಎಳೆಯಬೇಕು. ಬಲ ಬರಬೇಕಾದ್ದು ಬೆನ್ನು, ಹೊಟ್ಟೆ, ಕಾಲಿನಿಂದ. ಮೊದಲ ನಲವತ್ತು ನಿಮಿಷ ಹಾಗೇ ಬರುತ್ತಿತ್ತು. ಐವತ್ತನೇ ನಿಮಿಷದಿಂದ ಮೈ ತಿರುಗುವುದು ನಿಂತು, ಕೈ ಮಾತ್ರ ಎಳೆಯೋಕೆ ಶುರು ಮಾಡುತ್ತಿತ್ತು. ಅಲ್ಲಿಂದ ಮುಂದೆ ಎಷ್ಟು ಹೊತ್ತು ಹುಟ್ಟು ಹಾಕಿದರೂ ಕಲಿಯುವುದು ಕೆಟ್ಟ ಅಭ್ಯಾಸವನ್ನೇ. ದಣಿದ ಮೈಗೆ ತಪ್ಪು ಚಲನೆ ಬೇಗ ರೂಢಿಯಾಗುತ್ತೆ, ಬಿಡಿಸೋದು ಕಷ್ಟ. ಹಾಗಾಗಿ ಅಕ್ಟೋಬರ್ ಪೂರ್ತಿ ಒಂದೂಕಾಲು ಗಂಟೆ ದಾಟಲಿಲ್ಲ. ನವೆಂಬರ್‌ನಲ್ಲಿ ಒಂದು ಗಂಟೆಯ ಕೊನೆಯಲ್ಲೂ ಮೈ ತಿರುಗುತ್ತಿದೆ ಅಂತ ಅನಿಸಿದ ಮೇಲೆ ಭಾನುವಾರವನ್ನು ಎರಡು ಗಂಟೆ ಮಾಡಿದೆವು.

ಇನ್ನೊಂದು ಲೆಕ್ಕವನ್ನು ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿರಲ್ಲ. ನೀರಿನ ಮೇಲೆ ಒಂದು ಗಂಟೆ ಅಂದರೆ ಮನೆಯಿಂದ ಎರಡೂವರೆ ಗಂಟೆ. ಕ್ಲಬ್ಬಿಗೆ ಹೋಗಬೇಕು, ದೋಣಿ ಇಳಿಸಬೇಕು, ದೀಪ ಕಟ್ಟಬೇಕು, ವಾಪಸ್ ಬಂದು ದೋಣಿ ತೊಳೆದು ಇಡಬೇಕು, ಒದ್ದೆ ಬಟ್ಟೆ ಬದಲಾಯಿಸಬೇಕು. ನಾಲ್ಕು ಗಂಟೆ ಅಂದರೆ ಭಾನುವಾರ ಮುಗಿಯಿತು. ನನ್ನ ಹೆಂಡತಿ ಒಂದು ಮಾತು ಹೇಳಿದಳು: “ರೀ, ಎಷ್ಟು ಹೊತ್ತು ಬೇಕಾದ್ರೂ ಹೋಗಿ. ಆದ್ರೆ ಎಷ್ಟೊತ್ತಿಗೆ ಬರ್ತೀರಾ ಅಂತ ಹೇಳಿ, ಆ ಹೊತ್ತಿಗೆ ಬನ್ನಿ.” ಅಭ್ಯಾಸದ ಉದ್ದಕ್ಕೆ ಇದಕ್ಕಿಂತ ಗಟ್ಟಿ ಮಿತಿ ಬೇರೆ ಇರಲಿಲ್ಲ.

ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತೆ. ವಾರದ ದಿನಗಳ ಅಭ್ಯಾಸ ಎಲ್ಲವೂ ಕತ್ತಲಲ್ಲೇ. ಮಳೆ ಜಾಸ್ತಿಯಾದರೆ ಥೇಮ್ಸ್‌ನ ಲಾಕ್‌ಗಳಲ್ಲಿ ಸೆಳೆತ ಇದೆ ಅಂತ ಕೆಂಪು ಹಲಗೆ ಹಾಕ್ತಾರೆ. ಆಗ ನದಿ ಬಿಟ್ಟು ಕಾಲುವೆಗೆ ಹೋಗಬೇಕು. ಇದರಿಂದ ಒಂದು ಒಳ್ಳೆಯದೂ ಆಯಿತು. ಕಾಲುವೆಯಲ್ಲಿ ನೀರು ಹರಿಯುವುದು ಕಡಿಮೆ, ಆದ್ದರಿಂದ ಒಂದು ವಾರದ ವೇಗವನ್ನು ಇನ್ನೊಂದು ವಾರದ ಜೊತೆ ಹೋಲಿಸಬಹುದು. ಮಂಗಳವಾರ ನಾವು ಮಾಡುತ್ತಿದ್ದದ್ದು ನಾಲ್ಕು ನಿಮಿಷ ಜೋರಾಗಿ, ಎರಡು ನಿಮಿಷ ನಿಧಾನವಾಗಿ. ಹೀಗೆ ಆರು ಸಲ. ಒಂದೊಂದು ನಾಲ್ಕು ನಿಮಿಷಕ್ಕೂ ಎಷ್ಟು ಮೀಟರ್ ಹೋದೆವು ಅಂತ ಕೈಗಡಿಯಾರ ಹೇಳುತ್ತಿತ್ತು. ಆ ಸಂಖ್ಯೆಗಳನ್ನು ಜೊತೆಗಾರ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ.

ಈ ಹಾಳೆಯೇ ಮುಂದೆ ನಮ್ಮ ಜಗಳ ತೀರಿಸಿದ್ದು. ಭಾನುವಾರ ಎರಡು ಗಂಟೆ ಇದ್ದಾಗ ಮಂಗಳವಾರದ ಆರು ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ ಇರುತ್ತಿದ್ದವು. ಭಾನುವಾರವನ್ನು ಮೂರು ಗಂಟೆ ಮಾಡಿದ ಮೊದಲ ವಾರ ಐದನೆಯದೂ ಆರನೆಯದೂ ಇಳಿದವು. ಅದೇ ಮೂರು ಗಂಟೆಯನ್ನು ಮುಂದಿನ ವಾರವೂ ಅದರ ಮುಂದಿನ ವಾರವೂ ಮಾಡಿದೆವು. ಸಂಖ್ಯೆಗಳು ಮೇಲೆ ಬಂದವು. ಆಮೇಲೇ ಮೂರೂವರೆ. ನಿಯಮ ಇಷ್ಟೇ ಆಗಿಹೋಯಿತು: ಮಂಗಳವಾರ ಕೆಟ್ಟರೆ ಭಾನುವಾರ ಉದ್ದವಾಯಿತು ಅಂತ ಅರ್ಥ. ಭಾನುವಾರ ಮುಗಿದ ಕೂಡಲೇ ಸುಸ್ತಾಗಿದೆಯಾ ಅಂತ ಕೇಳಿಕೊಂಡು ಪ್ರಯೋಜನವಿಲ್ಲ. ಆಗ ಎಲ್ಲರಿಗೂ ಸುಸ್ತೇ, ಅಥವಾ ಖುಷಿಯಲ್ಲಿ ಯಾರಿಗೂ ಗೊತ್ತಾಗಲ್ಲ.

ಉದ್ದದ ಅಭ್ಯಾಸದ ವೇಗದ ಬಗ್ಗೆ ಹಿರಿಯರು ಒಂದೇ ಮಾತು ಹೇಳಿದ್ದರು: ಮಾತಾಡಿಕೊಂಡು ಹೋಗಿ. ಮಾತು ಅಂದರೆ ಪೂರ್ತಿ ವಾಕ್ಯ. ನಡುವೆ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಜಾಸ್ತಿ. ನಿಧಾನವಾಗಿ ಬಹಳ ಹೊತ್ತು ಹೋದರೆ ಸ್ನಾಯುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳೋದು ಮೈಗೆ ಅಭ್ಯಾಸವಾಗುತ್ತೆ. ಇದು ಬೇಕೇ ಬೇಕು. ಯಾಕೆಂದರೆ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಮೈ ಕೂಡಿಟ್ಟುಕೊಳ್ಳುವ ಸಕ್ಕರೆ ಸುಮಾರು 2000 ಕ್ಯಾಲೊರಿಯಷ್ಟು ಮಾತ್ರ. ಜೋರಾಗಿ ಹೋದರೆ ಎರಡು ಗಂಟೆ ಸುಮಾರಿಗೆ ತಳ ಕಾಣುತ್ತೆ. ಇಪ್ಪತ್ತು ಗಂಟೆ ದಾಟುವ ರೇಸಿಗೆ ಅದು ಎಲ್ಲಿಗೆ ಸಾಕು? ನಾವಿಬ್ಬರೂ ಕನ್ನಡದಲ್ಲಿ ಹರಟುತ್ತಾ ಹೋಗುತ್ತಿದ್ದೆವು. ಕ್ರಿಕೆಟ್, ಊರಿನ ಮದುವೆಗಳು, ಅಡಿಕೆ ರೇಟು, ಆಫೀಸಿನ ಗೋಳು. ಕಾಲುವೆ ಪಕ್ಕದಲ್ಲಿ ನಾಯಿ ಕರೆದುಕೊಂಡು ಹೋಗುವವರು ತಿರುಗಿ ನೋಡುತ್ತಿದ್ದರು.

ಉದ್ದದ ಅಭ್ಯಾಸ ಯಾಕೆ ಬೇಕು ಅನ್ನೋದು ನನಗೆ ನಿಜವಾಗಿ ತಿಳಿದಿದ್ದು ಜನವರಿಯ ಆ ಮೂರೂವರೆ ಗಂಟೆಗಳಲ್ಲಿ. ದಮ್ಮು ಬೆಳೆಸುವುದು ಅದರ ಅರ್ಧ ಕೆಲಸ ಮಾತ್ರ. ಇನ್ನರ್ಧ, ಒಂದು ಗಂಟೆಯಲ್ಲಿ ಎಂದೂ ತಲೆ ಎತ್ತದ ತೊಂದರೆಗಳನ್ನು ಹೊರಗೆ ತರುವುದು. ಎರಡು ಗಂಟೆಯವರೆಗೆ ನನ್ನ ಸೀಟು ಚೆನ್ನಾಗೇ ಇತ್ತು. ಎರಡೂಮುಕ್ಕಾಲಕ್ಕೆ ಎಡಗಾಲು ಜೋಮು ಹಿಡಿಯಿತು, ಮುಂದಿನ ಲಾಕ್‌ನಲ್ಲಿ ಇಳಿದಾಗ ಕಾಲು ನೆಲಕ್ಕೆ ಊರಿದ್ದೇ ಗೊತ್ತಾಗಲಿಲ್ಲ. ಸೀಟಿನ ಅಂಚು ತೊಡೆಯ ಕೆಳಗೆ ಒತ್ತುತ್ತಿತ್ತು. ಅದನ್ನು ಉಜ್ಜಿ, ತೆಳ್ಳಗೆ ಫೋಮ್ ಅಂಟಿಸಿದೆ. ಮುಂದಿನ ಭಾನುವಾರ ಮೂರು ಗಂಟೆ ದಾಟಿದರೂ ಕಾಲು ಸರಿಯಿತ್ತು, ಆದರೆ ಬೆನ್ನಿನ ಕೆಳಗೆ ಒಂದು ರೂಪಾಯಿಯಗಲ ಚರ್ಮ ಸುಲಿದಿತ್ತು. ಬಟ್ಟೆಯ ಹೊಲಿಗೆ. ಅದನ್ನು ತಿರುಗಿಸಿ ಹಾಕಿಕೊಂಡೆ.

ಹೀಗೆ ಒಂದೊಂದೇ. ಉದ್ದದ ಅಭ್ಯಾಸ ಎಷ್ಟು ಉದ್ದ ಇರಬೇಕು ಅಂದರೆ, ಹೊಸ ತೊಂದರೆ ಕಾಣಿಸಿಕೊಳ್ಳುವವರೆಗೆ ಮತ್ತು ಅದಾದ ಮೇಲೆ ಅರ್ಧ ಗಂಟೆ. ಆ ಅರ್ಧ ಗಂಟೆ ತೊಂದರೆಯ ಜೊತೆಗೇ ಹೋಗಬೇಕು. ಅದು ತಾನಾಗಿ ಹೋಗುತ್ತಾ, ಇನ್ನೂ ಕೆಡುತ್ತಾ ಅಂತ ಗೊತ್ತಾಗಬೇಕಲ್ವಾ. ಅಷ್ಟಾದ ಮೇಲೆ ಮನೆಗೆ. ಸರಿ ಮಾಡಿಕೊಂಡು ಬಂದರೆ ಮುಂದಿನ ವಾರ ಇನ್ನೊಂದು ತೊಂದರೆ ಇನ್ನೂ ತಡವಾಗಿ ಎದುರಾಗುತ್ತೆ.

ಊಟದ ತೊಂದರೆ ಎಲ್ಲಕ್ಕಿಂತ ದೊಡ್ಡದು. ಗಂಟೆಗೆ 60 ಗ್ರಾಂ ಸಕ್ಕರೆ ಅಂಶವಾದರೂ ಹೊಟ್ಟೆಗೆ ಹೋಗಬೇಕು ಅಂತ ಕ್ರೀಡಾ ಆಹಾರ ತಿಳಿದವರು ಹೇಳ್ತಾರೆ. ಎರಡು ಬಗೆಯ ಸಕ್ಕರೆ ಬೆರೆಸಿ ಹೊಟ್ಟೆಯನ್ನು ಪಳಗಿಸಿಕೊಂಡರೆ 90ರವರೆಗೂ ಹೋಗಬಹುದು. ಅಂಗಡಿಯಲ್ಲಿ ಸಿಗುವ ಸಿಹಿ ಜೆಲ್‌ಗಳು ಮೂರು ಗಂಟೆಯವರೆಗೆ ಚೆನ್ನಾಗೇ ಇಳಿದವು. ಅದಾದ ಮೇಲೆ ಸಿಹಿ ನೋಡಿದರೆ ಹೊಟ್ಟೆ ತೊಳೆಸುತ್ತಿತ್ತು. ಹೆಂಡತಿ ಮೆತ್ತಗೆ ಮಾಡಿದ ಮೊಸರನ್ನಕ್ಕೆ ಉಪ್ಪು ಸ್ವಲ್ಪ ಜಾಸ್ತಿ ಹಾಕಿ, ಮಕ್ಕಳ ಹಣ್ಣಿನ ಪಾನಕ ಬರುತ್ತಲ್ಲ, ಮೂತಿ ಇರುವ ಆ ಚೀಲಕ್ಕೆ ತುಂಬಿ ಕೊಟ್ಟಳು. ಒತ್ತಿದರೆ ಬಾಯಿಗೆ ಬರುತ್ತೆ, ಪ್ಯಾಡಲ್ ಪಕ್ಕಕ್ಕಿಟ್ಟು ಹತ್ತು ಸೆಕೆಂಡಲ್ಲಿ ಮುಗಿಯುತ್ತೆ. ಒಗ್ಗರಣೆಯ ಸಾಸಿವೆ ಮೂತಿಗೆ ಸಿಕ್ಕಿಕೊಳ್ಳುತ್ತೆ ಅಂತ ಮುಂದಿನ ವಾರ ಒಗ್ಗರಣೆ ಬಿಟ್ಟಳು. ಜೊತೆಗಾರ ಗಂಜಿಯ ಪಕ್ಷ. ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಉಪ್ಪಿನಕಾಯಿ ರಸ. ಯಾವ ತಿಂಡಿ ಎಷ್ಟನೇ ಗಂಟೆಯಲ್ಲಿ ಇಳಿಯುತ್ತೆ ಅನ್ನೋದನ್ನು ಉದ್ದದ ಭಾನುವಾರ ಬಿಟ್ಟು ಬೇರೆಲ್ಲೂ ಕಲಿಯೋಕಾಗಲ್ಲ.

ಅದೇ ಹೊತ್ತಿಗೆ, ತೀರಾ ಚಿಕ್ಕ ಅಭ್ಯಾಸವೂ ಒಂದಿತ್ತು. ಬರೀ ನಲವತ್ತು ನಿಮಿಷ, ಒಂದೇ ಲಾಕ್. ದೋಣಿ ದಡಕ್ಕೆ ತರು, ಇಳಿ, ಎತ್ತು, ಓಡು, ಹಾಕು, ಹತ್ತು, ಹೊರಡು. ತಿರುಗಿ ಬಾ, ಮತ್ತೆ ಮಾಡು. ಹತ್ತುವಾಗ ನಾನು ದಡ ಹಿಡಿದು ದೋಣಿ ಅಲುಗದ ಹಾಗೆ ನೋಡಿಕೊಳ್ಳಬೇಕು, ಅವನು ಕೂರಬೇಕು. ಆಮೇಲೆ ಅವನು ಪ್ಯಾಡಲ್ಲನ್ನು ದಡದ ಮೇಲೆ ಅಡ್ಡ ಒತ್ತಿಹಿಡಿಯಬೇಕು, ನಾನು ಕೂರಬೇಕು. ಯಾವ ಕಾಲು ಮೊದಲು, ಯಾರ ಕೈಯಲ್ಲಿ ಯಾರ ಪ್ಯಾಡಲ್, ಎಲ್ಲ ನಿಗದಿ. ಸುಮ್ನೆ ಲೆಕ್ಕ ಹಾಕಿ: ಒಂದು ಪೋರ್ಟೇಜ್‌ಗೆ ಒಂದು ನಿಮಿಷ ಉಳಿದರೆ 77ಕ್ಕೆ 77 ನಿಮಿಷ. ತಿಂಗಳುಗಟ್ಟಲೆ ಉದ್ದದ ಅಭ್ಯಾಸ ಮಾಡಿ ನಾವು ಗಳಿಸಿದ ವೇಗದಿಂದಲೂ ಇಷ್ಟು ಉಳಿದಿರಲಿಕ್ಕಿಲ್ಲ. ಹೊಸಬರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ನಲವತ್ತು ನಿಮಿಷದ ಬಗ್ಗೆಯೇ. ಯಾರಿಗೂ ಇದು ರುಚಿಸಲ್ಲ. ಫೋಟೊ ತೆಗೆದು ಹಾಕುವಂಥದ್ದೇನೂ ಇದರಲ್ಲಿ ಇಲ್ಲ ನೋಡಿ.

ಫೆಬ್ರವರಿಯಲ್ಲಿ ಹನ್ನೆರಡು ಗಂಟೆಯ ಮಾತು ಮತ್ತೆ ಬಂತು. ನಮ್ಮ ಕ್ಲಬ್ಬಿನ ಇನ್ನೊಂದು ಜೋಡಿ ಒಂದು ಶನಿವಾರ ಬೆಳಕು ಹರಿಯುವ ಮೊದಲು ಹೊರಟು ಕತ್ತಲಾಗುವವರೆಗೆ ಹುಟ್ಟು ಹಾಕಿ ಬಂದಿತ್ತು. ಕೇಳಿ ಜೊತೆಗಾರನ ಕಣ್ಣು ಅರಳಿತು. ಎರಡು ದಿನ ಬಿಟ್ಟು ಆ ಜೋಡಿಯಲ್ಲಿ ಹಿಂದೆ ಕೂರುವವನು ಕ್ಲಬ್ಬಿಗೆ ಬಂದ, ಬಲ ಮಣಿಕಟ್ಟಿಗೆ ಪಟ್ಟಿ. ‘ಮುಟ್ಟಿ ನೋಡು’ ಅಂತ ಕೈ ಚಾಚಿದ. ಅವನು ಮುಷ್ಟಿ ಬಿಗಿದು ಬಿಟ್ಟಾಗ ಮೊಣಕೈ ಕೆಳಗಿನ ಸ್ನಾಯುರಜ್ಜು ನನ್ನ ಬೆರಳಡಿಯಲ್ಲಿ ಕಿರಕಿರ ಅಂತ ಉಜ್ಜುವುದು ಗೊತ್ತಾಗುತ್ತಿತ್ತು. ಟೆನೊಸೈನೊವೈಟಿಸ್ ಅಂತ ಇದರ ಹೆಸರು, ಈ ರೇಸಿಗೆ ಅಂಟಿಕೊಂಡೇ ಬಂದ ಕಾಯಿಲೆ. ಪ್ಯಾಡಲ್ಲನ್ನು ಬಿಗಿಯಾಗಿ ಹಿಡಿಯುವುದು, ಚಳಿ, ಒಮ್ಮೆಲೇ ಅಭ್ಯಾಸ ಹೆಚ್ಚಿಸುವುದು, ಈ ಮೂರೂ ಸೇರಿದರೆ ಬರುತ್ತೆ. ಒಮ್ಮೆ ಬಂದರೆ ವಿಶ್ರಾಂತಿಯೇ ಮುಖ್ಯ ದಾರಿ. ಅವರಿಗೆ ಮೂರು ವಾರ ನೀರಿಗೆ ಇಳಿಯೋಕಾಗಲಿಲ್ಲ. ಒಂದು ಶನಿವಾರಕ್ಕೆ ಮೂರು ವಾರ.

ಹಿರಿಯರು ಇದಕ್ಕೆ ಬದಲಾಗಿ ಹೇಳಿದ್ದು ಎರಡು ದಿನ ಸತತ. ಶನಿವಾರ ನಾಲ್ಕು ಗಂಟೆ, ಭಾನುವಾರ ಮೂರು ಗಂಟೆ. ನಡುವೆ ಮನೆ ಊಟ, ನಿದ್ದೆ. ಭಾನುವಾರ ದೋಣಿಗೆ ಕೂರುವಾಗಲೇ ಮೈ ಐದನೇ ಗಂಟೆಯಲ್ಲಿದೆ ಅನ್ನಿಸುತ್ತೆ. ದಣಿವಿನಲ್ಲಿ ಮೈ ತಿರುಗಿಸುವ ಅಭ್ಯಾಸವಾಗುತ್ತೆ. ಆದರೆ ಮಣಿಕಟ್ಟಿಗೆ, ಭುಜಕ್ಕೆ ನಡುವೆ ಬಿಡುವು ಸಿಕ್ಕಿರುತ್ತೆ. ಒಟ್ಟು ಏಳು ಗಂಟೆಯ ಕೆಲಸ, ಒಂದೇ ಉಸಿರಿಗೆ ಏಳು ಗಂಟೆ ಮಾಡಿದಾಗಿನ ಪೆಟ್ಟಿಲ್ಲ. ಮಂಗಳವಾರದ ಹಾಳೆಯೂ ಅದನ್ನೇ ಹೇಳಿತು. ಜೊತೆಗಾರ ಹಾಳೆ ನೋಡಿದ. “ಆಯ್ತು ಮಾರಾಯ,” ಅಂದ. ಹನ್ನೆರಡರ ಮಾತು ಅಲ್ಲಿಗೆ ಮುಗಿಯಿತು.

ಒಂದು ರಾತ್ರಿಯ ಅಭ್ಯಾಸ ಮಾತ್ರ ಬಿಡಲಿಲ್ಲ. ರಾತ್ರಿ ಹತ್ತಕ್ಕೆ ರೆಡಿಂಗ್‌ನಿಂದ ಹೊರಟು ಥೇಮ್ಸ್‌ನಲ್ಲಿ ಮಾರ್ಲೋ ದಾಟಿ ಮೇಡನ್‌ಹೆಡ್‌ವರೆಗೆ. ಐದು ಗಂಟೆಯೊಳಗೇ ಮುಗಿಯಿತು. ಇದರ ಉದ್ದಕ್ಕಿಂತ ಇದು ನಡೆದ ಹೊತ್ತು ಮುಖ್ಯ. ನಡುರಾತ್ರಿ ಎರಡಕ್ಕೆ ಮೈ ಮಲಗೋಣ ಅನ್ನುತ್ತೆ, ಚಳಿ ಬೆನ್ನಿಗೆ ಇಳಿಯುತ್ತೆ, ಲಾಕ್‌ನ ಇಳಿಯುವ ಕಟ್ಟೆ ಎಡಕ್ಕಾ ಬಲಕ್ಕಾ ಅಂತ ತಲೆಗೆ ಹೊಳೆಯಲ್ಲ. ಲಾಕ್ ಪಕ್ಕದಲ್ಲೇ ನೀರು ಧುಮುಕುವ ವಿಯರ್ ಇರುತ್ತೆ, ಅದರ ಸದ್ದು ಕತ್ತಲಲ್ಲಿ ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತೆ. ಅಲ್ಲಿ ತಪ್ಪುವಂತಿಲ್ಲ. ಹೆಂಡತಿಯೂ ಕಾರಿನಲ್ಲಿ ಲಾಕ್‌ನಿಂದ ಲಾಕ್‌ಗೆ ಬಂದು ದಾರಿ, ಪಾರ್ಕಿಂಗ್, ಗೇಟು ಎಲ್ಲ ನೋಡಿಕೊಂಡಳು. ಅವಳಿಗೂ ಅದು ಅಭ್ಯಾಸವೇ. ಈ ರೇಸಿನಲ್ಲಿ ದಡದ ಮೇಲಿನವರು ಸೋತರೆ ದೋಣಿಯವರೂ ಸೋತ ಹಾಗೆ.

ಮಾರ್ಚ್‌ನಲ್ಲಿ ವಾಟರ್‌ಸೈಡ್ ಸರಣಿಯ ಕೊನೆಯ ರೇಸ್ ಬಂತು. ನಮ್ಮ ರೇಸ್ ಇರೋದು ಈಸ್ಟರ್‌ಗೆ. ಅದಕ್ಕೆ ಮೊದಲು ನ್ಯೂಬರಿಯ ಕ್ಲಬ್ಬು ಹಂತಹಂತವಾಗಿ ಉದ್ದವಾಗುವ ನಾಲ್ಕು ರೇಸ್ ನಡೆಸುತ್ತೆ. ಕೊನೆಯದು ಡಿವೈಜಸ್‌ನಿಂದ ನ್ಯೂಬರಿಗೆ, 34 ಮೈಲಿ. ನಿಜವಾದ ರೇಸಿನ ಮೊದಲ ಕಾಲು ಭಾಗ ಇದೇ ನೀರು. ನಮಗೆ ಆರೂಕಾಲು ಗಂಟೆ ಹಿಡಿಯಿತು. ಇಡೀ ಚಳಿಗಾಲದಲ್ಲಿ ನಾವು ಒಮ್ಮೆಲೇ ದೋಣಿಯಲ್ಲಿ ಕಳೆದ ಅತಿ ಹೆಚ್ಚು ಹೊತ್ತು ಇದೇ. ಇದಕ್ಕಿಂತ ಉದ್ದ ಮಾಡಲಿಲ್ಲ.

ಈ ಆರೂಕಾಲಕ್ಕೆ ಇನ್ನೊಂದು ಉಪಯೋಗ ಇತ್ತು. ಥೇಮ್ಸ್‌ನಲ್ಲಿ ಟೆಡಿಂಗ್ಟನ್ ದಾಟಿದರೆ ನೀರು ಸಮುದ್ರದ ಹಿಡಿತಕ್ಕೆ ಬರುತ್ತೆ. ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್‌ಗೆ 17 ಮೈಲಿ. ಅದನ್ನು ಇಳಿತದ ಜೊತೆಗೇ ಹೋಗಬೇಕು. ತಡವಾದರೆ ಮುಂದಿನ ಇಳಿತದವರೆಗೆ ಕಾಯಬೇಕು. ಹಾಗಾಗಿ ಡಿವೈಜಸ್‌ನಿಂದ ಎಷ್ಟು ಗಂಟೆಗೆ ಹೊರಡಬೇಕು ಅನ್ನೋದನ್ನು ಟೆಡಿಂಗ್ಟನ್‌ನ ಇಳಿತದಿಂದ ಹಿಂದಕ್ಕೆ ಎಣಿಸಿ ತಂಡದವರೇ ತೀರ್ಮಾನಿಸಬೇಕು. ನಿಧಾನದವರು ಶನಿವಾರ ಬೆಳಿಗ್ಗೆ, ವೇಗದವರು ಮಧ್ಯಾಹ್ನದ ಮೇಲೆ. ಬೇಗ ಹೊರಟರೆ ಟೆಡಿಂಗ್ಟನ್‌ನಲ್ಲಿ ಚಳಿಯಲ್ಲಿ ಕಾಯಬೇಕು, ತಡವಾಗಿ ಹೊರಟರೆ ನೀರೇ ಕೈಕೊಡುತ್ತೆ. 34 ಮೈಲಿಗೆ ಆರೂಕಾಲು ಗಂಟೆ ಅಂದರೆ 125ಕ್ಕೆ ಹೆಚ್ಚುಕಡಿಮೆ 23. ರಾತ್ರಿ ನಿಧಾನವಾಗುತ್ತೆ, ಆದರೆ ಥೇಮ್ಸ್‌ನ ಹರಿವು ಸ್ವಲ್ಪ ತಳ್ಳುತ್ತೆ. ಎರಡೂ ಸರಿಹೋಗಬಹುದು ಅಂದುಕೊಂಡೆವು. ಉಬ್ಬರ ಇಳಿತದ ಪಟ್ಟಿ ನೋಡೋದು ಜೊತೆಗಾರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಅಜ್ಜ ಆಕಾಶ ನೋಡಿ ಹೇಳುತ್ತಿದ್ದರಂತೆ.

ಕೊನೆಯ ಎರಡೂವರೆ ವಾರ ಅಭ್ಯಾಸ ಇಳಿಸಿದೆವು. ಮಂಗಳವಾರದ ಜೋರು ಹಾಗೇ ಇತ್ತು, ಆರರ ಬದಲು ಮೂರು ಸಲ. ಭಾನುವಾರ ಎರಡು ಗಂಟೆ, ಆಮೇಲೆ ಒಂದು ಗಂಟೆ. ಈ ದಿನಗಳಲ್ಲಿ ಉದ್ದ ಮಾಡಿದರೆ ಲಾಭ ರೇಸಿನ ದಿನಕ್ಕೆ ಸಿಗಲ್ಲ, ದಣಿವು ಮಾತ್ರ ಸಿಗುತ್ತೆ. ಇದು ಗೊತ್ತಿದ್ದೂ ಕೈ ಸುಮ್ಮನಿರಲ್ಲ. ನಾನು ಮನೆಯಲ್ಲಿ ಅಲ್ಲಿಂದಿಲ್ಲಿಗೆ ಓಡಾಡೋದು ನೋಡಿ ಹೆಂಡತಿ, “ಹೋಗಿ ಒಂದು ಗಂಟೆ ಆಡ್ಕೊಂಡು ಬನ್ನಿ, ಮನೇಲಿ ಕಾಟ ತಡೆಯೋಕಾಗ್ತಿಲ್ಲ,” ಅಂದಳು.

ರೇಸಿನ ದಿನದ ಬಗ್ಗೆ ಬರೆದರೆ ಅದೇ ಬೇರೆ ಕಥೆ. ಅಭ್ಯಾಸದ ಉದ್ದಕ್ಕೆ ಸಂಬಂಧಪಟ್ಟಷ್ಟು ಹೇಳ್ತೀನಿ. ಡಿವೈಜಸ್‌ನ ಪಶ್ಚಿಮಕ್ಕೆ ಕೇನ್ ಹಿಲ್ ಇಳಿಜಾರಿನಲ್ಲಿ 29 ಲಾಕ್‌ಗಳ ಸಾಲಿದೆ. ಪುಣ್ಯಕ್ಕೆ ರೇಸ್ ಪೂರ್ವಕ್ಕೆ ಹೋಗುತ್ತೆ. ಮೊದಲ 15 ಮೈಲಿಯಷ್ಟು ಒಂದೂ ಲಾಕ್ ಇಲ್ಲ. ಇಲ್ಲಿ ಎಲ್ಲರೂ ಜೋರಾಗಿ ಹೋಗ್ತಾರೆ. ನಾವು ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಹೋದೆವು. ಆಮೇಲೆ ವೂಟನ್ ರಿವರ್ಸ್ ಲಾಕ್‌ಗಳು, ಅರ್ಧ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ಇರುವ ಬ್ರೂಸ್ ಸುರಂಗ, ಕ್ರಾಫ್ಟನ್‌ನ ಲಾಕ್ ಸಾಲು. ಕ್ರಾಫ್ಟನ್‌ನಲ್ಲಿ ಕಾಲುವೆಗೆ ನೀರೆತ್ತಲು 1812ರ ಒಂದು ಬೌಲ್ಟನ್ ಅಂಡ್ ವಾಟ್ ಉಗಿಯಂತ್ರ ಇದೆ, ಇಂದಿಗೂ ಓಡುತ್ತೆ. ದೋಣಿ ಹೊತ್ತು ಅದರ ಮುಂದೆ ಓಡುವಾಗ ಎಂಜಿನಿಯರ್ ಆದವನಿಗೆ ನಿಂತು ನೋಡಬೇಕು ಅನ್ನಿಸುತ್ತೆ. ಆಗಲಿಲ್ಲ.

ಆರನೇ ಗಂಟೆಯವರೆಗೆ ಎಲ್ಲ ಪರಿಚಿತ ನೀರು, ಪರಿಚಿತ ನೋವು. ಅಲ್ಲಿಂದ ಮುಂದೆ ಗೊತ್ತಿಲ್ಲದ್ದು. ಜೊತೆಗಾರ ಹೆದರಿದ್ದು ಇದಕ್ಕೇ. ಆದರೆ ಹತ್ತನೇ ಗಂಟೆ ಆರನೆಯದಕ್ಕಿಂತ ಅಷ್ಟೇನೂ ಬೇರೆ ಇರಲಿಲ್ಲ. ಕಾಲು ಜೋಮು ಹಿಡಿಯಲಿಲ್ಲ, ಚರ್ಮ ಸುಲಿಯಲಿಲ್ಲ, ಮೊಸರನ್ನ ಇಳಿಯಿತು. ಲಾಕ್‌ಗಳಲ್ಲಿ ಹೆಂಡತಿ ಪಕ್ಕದಲ್ಲೇ ಓಡುತ್ತಾ ಒಂದು ಕೈಯಲ್ಲಿ ಚೀಲದ ಮೂತಿ ನನ್ನ ಬಾಯಿಗಿಟ್ಟು ಒತ್ತುತ್ತಿದ್ದಳು. ನನ್ನ ಎರಡೂ ಕೈ ದೋಣಿ ಮೇಲೆ. ಕೆಟ್ಟದ್ದು ಬಂದದ್ದು ಬೆಳಗಿನ ಜಾವ, ವಿಂಡ್ಸರ್ ದಾಟಿದ ಮೇಲೆ. ಕಣ್ಣು ಮುಚ್ಚುತ್ತಿತ್ತು, ಮರಗಳು ಮನುಷ್ಯರ ಹಾಗೆ ಕಾಣುತ್ತಿದ್ದವು. ಹನ್ನೆರಡು ಗಂಟೆಯ ಅಭ್ಯಾಸ ಮಾಡಿದ್ದರೂ ಇದಕ್ಕೆ ಮದ್ದಿರುತ್ತಿರಲಿಲ್ಲ. ಹಿಂದಿನ ರಾತ್ರಿಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದು ಸಹಾಯಕ್ಕೆ ಬಂತು, ಒಂದು ಲೋಟ ಕಾಫಿ ಬಂತು. ಟೆಡಿಂಗ್ಟನ್‌ಗೆ ಇಳಿತದ ಸಮಯಕ್ಕೆ ಮುಟ್ಟಿದೆವು, ವೆಸ್ಟ್‌ಮಿನ್‌ಸ್ಟರ್‌ಗೆ ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ತಡವಾಗಿ. ಮೆಟ್ಟಿಲು ಹತ್ತೋಕೆ ಇಬ್ಬರನ್ನೂ ಯಾರೋ ಎತ್ತಿ ನಿಲ್ಲಿಸಿದರು. ಮಣಿಕಟ್ಟು ಕಿರಕಿರ ಅನ್ನಲಿಲ್ಲ.

ಮುಂದಿನ ಈಸ್ಟರ್‌ಗೆ ಇಬ್ಬರೂ ಒಬ್ಬೊಬ್ಬರೇ ಕೂರುವ ಕೆ1 ದೋಣಿಯಲ್ಲಿ ನಾಲ್ಕು ದಿನದ ವಿಭಾಗಕ್ಕೆ ಹೋಗುವ ಯೋಚನೆ ಇದೆ. ಅದೇ 125 ಮೈಲಿ, ದಿನಕ್ಕಿಷ್ಟು ಅಂತ: ನ್ಯೂಬರಿಗೆ 34, ಮಾರ್ಲೋಗೆ 36, ಹ್ಯಾಮ್‌ಗೆ 38, ಕೊನೆಯ ದಿನ 17. ಇದರ ಲೆಕ್ಕ ಬೇರೆ. ರಾತ್ರಿಯ ಅಭ್ಯಾಸ ಬೇಕಿಲ್ಲ. ಒಂದು ಸಲಕ್ಕೆ ನಾಲ್ಕು ಗಂಟೆ ದಾಟುವ ಅಗತ್ಯವೂ ಜಾಸ್ತಿ ಇಲ್ಲ. ನಿನ್ನೆ ದಣಿದ ಮೈಯನ್ನು ಇವತ್ತು ಮತ್ತೆ ದೋಣಿಗೆ ಕೂರಿಸೋದೇ ಇಲ್ಲಿ ಕೆಲಸ. ಮೂರನೇ ದಿನವೇ ಎಲ್ಲಕ್ಕಿಂತ ಉದ್ದ, ಅದಕ್ಕೆ ಮೂರು ದಿನ ಸತತ ಮಾಡಬೇಕು ಅಂತ ಜೊತೆಗಾರ. ಎರಡೇ ಸಾಕು, ಮಂಗಳವಾರ ಏನು ಹೇಳುತ್ತೋ ನೋಡೋಣ ಅಂತ ನಾನು. ಶುಕ್ರವಾರ ರಜೆ ಹಾಕೋಕೆ ಇಬ್ಬರ ಆಫೀಸೂ ಒಪ್ಪಬೇಕು, ಮನೆಯವರೂ ಒಪ್ಪಬೇಕು. ಅಕ್ಟೋಬರ್‌ನಲ್ಲಿ ಒಂದು ಗಂಟೆಯಿಂದಲೇ ಶುರು ಅನ್ನೋದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.